ಒಂದು ಇಡೋದಕ್ಕೆ, ಒಂದು ಒಡೆಯೋದಕ್ಕೆ

ನಮ್ಮ ಭಾವನಿಗೆ ಏನಾದರೂ ಉಡುಗೊರೆ ಕೊಡಬೇಕು ಅಂತಿದ್ದರೆ ದಯವಿಟ್ಟು ಎರಡು ತನ್ನಿ. ಒಂದು ಅವರು ಇಟ್ಟುಕೊಳ್ಳೋದಕ್ಕೆ, ಇನ್ನೊಂದು ಒಡೆದು ನೋಡೋದಕ್ಕೆ!

ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಾ? ಯಲಹಂಕದಲ್ಲಿ ಅವರು ಮನೆ ಕಟ್ಟಿದಾಗ ಗೃಹಪ್ರವೇಶಕ್ಕೆಂದು ನಾನು ಅಂಗಡಿ ಅಂಗಡಿ ಅಲೆದು ಪಿಂಗಾಣಿಯ ಊಟದ ಸೆಟ್ಟೊಂದನ್ನು ಒಯ್ದಿದ್ದೆ. ಭಾವ ಡಬ್ಬ ಬಿಚ್ಚಿದರು. "ಬಹಳ ಚೆನ್ನಾಗಿದೆ ಕಣಮ್ಮಾ" ಅಂದರು. ಒಂದು ತಟ್ಟೆಯನ್ನು ತೆಗೆದು ಸೊಂಟದ ಎತ್ತರಕ್ಕೆ ಹಿಡಿದು ಕೈಬಿಟ್ಟರು. ಫಳಾರ್! ಪೂಜೆಗೆ ಕೂತಿದ್ದವರೆಲ್ಲ ಬೆಚ್ಚಿ ತಿರುಗಿದರು, ಪುರೋಹಿತರ ಮಂತ್ರ ಅರ್ಧಕ್ಕೇ ನಿಂತಿತು. ಭಾವ ಮಾತ್ರ ಬಗ್ಗಿ ಚೂರುಗಳನ್ನು ಚೆನ್ನಾಗಿ ನೋಡಿ, "ಇದನ್ನ ಬೀಳಿಸೋ ಹಾಗಿಲ್ಲ" ಎಂದು ತೀರ್ಪು ಕೊಟ್ಟರು. ಅಲ್ಲ ಕಣ್ರೀ, ಪಿಂಗಾಣಿ ತಟ್ಟೆಯನ್ನು ಬೀಳಿಸುವ ಹಾಗಿಲ್ಲ ಅಂತ ತಿಳಿಯೋದಕ್ಕೆ ಅದನ್ನು ಬೀಳಿಸಬೇಕೇ? ನನ್ನ ಅಕ್ಕ ಆಗಲೇ ಪೊರಕೆ ಹಿಡಿದುಕೊಂಡು ಬಂದಾಗಿತ್ತು. ಡಬ್ಬ ಬಿಚ್ಚುವ ಸದ್ದು ಕೇಳಿದಾಗಲೇ ಅವಳು ಪೊರಕೆ ಹುಡುಕಿಕೊಂಡಿದ್ದಳಂತೆ.

ಭಾವ ಎಂದರೆ ನನ್ನ ಈ ಅಕ್ಕನ ಗಂಡ. ಹುಟ್ಟಿದ್ದು ಪಕ್ಕದ ಹುಣಸಮಾರನಹಳ್ಳಿಯಲ್ಲಿ. ಕೆಲಸ ಮಾಡಿ ನಿವೃತ್ತರಾದದ್ದು ಒಂದು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ. ಅಲ್ಲಿ ಏನು ತಯಾರಾಗುತ್ತದೆ ಎಂದು ಅವರು ಮನೆಯಲ್ಲಿ ಬಾಯಿಬಿಟ್ಟವರಲ್ಲ. ಅವರ ತಾಯಿ ಬದುಕಿದ್ದಾಗ ನಾನು ಕೇಳಿದ್ದೆ. "ಏನೋ ಪಟಾಕಿ ಪ್ಯಾಕ್ಟ್ರಿ ಕಣವ್ವ. ಅಬ್ಬ ಬಂದ್ರೂ ಒಂದು ಮನೆಗ್ ತರಾಕಿಲ್ಲ, ಅಂತಾ ಜಿಪುಣ" ಎಂದು ಆ ಅಜ್ಜಿ ಮೂತಿ ತಿರುವಿದ್ದರು.

ಸದ್ಯ, ತರಲಿಲ್ಲ! ಅದು ವಿಮಾನ ಹೊಡೆದುರುಳಿಸುವ ಕ್ಷಿಪಣಿ ಎಂದು ನಮಗೆ ತಿಳಿಯುವಷ್ಟರಲ್ಲಿ ಅವರು ನಿವೃತ್ತಿಯ ಅಂಚಿಗೆ ಬಂದಿದ್ದರು. ದೇಶ ದೇಶ ದಾಟಿ ಹೋಗುವ ದೊಡ್ಡ ಕ್ಷಿಪಣಿಯಲ್ಲ, ಅವುಗಳ ಫೋಟೋ ಪೇಪರಿನಲ್ಲಿ ಬರುತ್ತದೆ. ಭಾವನದು ಚಿಕ್ಕದು, ಹತ್ತಿರದ್ದು. ದೂರದಿಂದಲೇ ಕಾಯುವವುಗಳ ಕಣ್ಣು ತಪ್ಪಿಸಿ ತಲೆಯ ಮೇಲೇ ಬಂದುಬಿಟ್ಟದ್ದನ್ನು ಕೊನೆಯ ಗಳಿಗೆಯಲ್ಲಿ ತಡೆಯುವಂಥದ್ದು. ನೆಲದ ಮೇಲಾದರೆ ಲಾರಿಯ ಬೆನ್ನಿನ ಮೇಲೆ ಕೂರಿಸುತ್ತಾರಂತೆ, ಸಮುದ್ರದಲ್ಲಾದರೆ ಹಡಗಿನ ಮೇಲೆ. ಕಳಿಸುವ ಮುಂಚೆ ಅದನ್ನು ಗಡಗಡ ಅಲುಗಾಡಿಸಬೇಕು, ಕಾಯಿಸಬೇಕು, ತಣಿಸಬೇಕು, ಹಡಗಿನದಾದರೆ ತುಕ್ಕು ಹಿಡಿಯುತ್ತದೋ ಎಂದು ಉಪ್ಪುನೀರಿನ ಮಂಜಿನಲ್ಲಿ ಇಡಬೇಕು. ಆಮೇಲೆ ಒಂದೊಂದು ಕಂತಿನಲ್ಲೂ ಕೆಲವನ್ನು ಆರಿಸಿ ಸಮುದ್ರದ ದಡಕ್ಕೆ ಒಯ್ದು ಹಾರಿಸಿ ನೋಡುತ್ತಾರೆ. ಅವು ಗುರಿ ಮುಟ್ಟಿದರೆ ಉಳಿದವೆಲ್ಲ ಪಾಸು, ಡಬ್ಬದಲ್ಲಿ ಮುಚ್ಚಿ ಸೀಲು ಹಾಕಿ ಕಳಿಸುವುದು.

ಈ ಪದ್ಧತಿಯನ್ನು ಭಾವ ಸಂಜೆ ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬಂದಿದ್ದರೆ ಯಾರ ತಕರಾರೂ ಇರಲಿಲ್ಲ. ಮನೆಗೂ ತಂದರಲ್ಲ, ಅದೇ ಬಂದಿರುವ ಕಷ್ಟ. ಅವರ ಮನೆಯಲ್ಲಿ ಕಲ್ಲಂಗಡಿ ಜೋಡಿಯಲ್ಲೇ ಬರಬೇಕು. ಬೆಂಕಿಪೊಟ್ಟಣ ತಂದ ಕೂಡಲೇ ಒಂದು ಕಡ್ಡಿ ಗೀರಿ ನೋಡಿ "ಪಾಸ್" ಅನ್ನಬೇಕು. ಹೊಸ ಕುಕ್ಕರನ್ನು ಬಿಸಿಬಿಸಿಯಾಗಿ ಇಳಿಸಿ ತಣ್ಣೀರಿನ ಟಬ್ಬಿನಲ್ಲಿ ಮುಳುಗಿಸಬೇಕು. ನನ್ನ ಅಕ್ಕ ಇಷ್ಟು ವರ್ಷ ಅಲುಗಾಡದೆ ಸಂಸಾರ ಮಾಡಿದ್ದಾಳೆ ನೋಡಿ, ನನ್ನ ಪ್ರಕಾರ ಅವಳೊಬ್ಬಳೇ ಆ ಮನೆಯಲ್ಲಿ ಪೂರ್ತಿ ಪಾಸಾದವಳು.

ಉಪ್ಪಿನ ಪರೀಕ್ಷೆಯ ಕಥೆ ಕೇಳಿ. ಅಕ್ಕನ ಮಗಳು ವೀಣಾ ಡಿಗ್ರಿ ಮುಗಿಸಿದಾಗ ಭಾವನ ಸೋದರತ್ತೆ ಬಂದು ಒಂದು ಜೊತೆ ಬಳೆ ತೊಡಿಸಿದರು. "ಅಪ್ಪಟ ಚಿನ್ನ ಕಣೇ, ನಮ್ಮ ಕಾಲದ್ದು" ಅಂತ ಮನೆಮಂದಿಗೆಲ್ಲ ಕೇಳುವ ಹಾಗೆ ಹೇಳಿದರು. ಭಾವ ಮಾತ್ರ ಅತ್ತೆ ಅತ್ತ ಹೋದ ಮೇಲೆ ಒಂದು ಬಳೆಯನ್ನು ಉಪ್ಪುನೀರಿನ ಲೋಟದಲ್ಲಿ ಹಾಕಿ ಕಿಟಕಿಯ ಹತ್ತಿರ ಇಟ್ಟರು. ವಾರ ಕಳೆಯಿತು. ಬಳೆ ಹಸಿರು ಹಸಿರಾಗಿ ಪಾಚಿ ಹಿಡಿದ ಹಾಗೆ ಮೇಲೆ ನೋಡುತ್ತಿತ್ತು! ಭಾವ ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಅತ್ತೆಗೆ ಫೋನು ಮಾಡಿ, "ಅತ್ತೆ, ಅದನ್ನ ಹಡಗಿಗೆ ಹಾಕೋ ಹಾಗಿಲ್ಲ" ಅಂದರು. ಆ ಅತ್ತೆ ಈಗಲೂ ಈ ಮನೆಯ ಹೊಸಿಲು ತುಳಿಯುವುದಿಲ್ಲ.

ಇನ್ನು ನಾನು. ನಾನೋ ಮೊದಲೇ ಗಾಬರಿಯ ಹೆಂಗಸು. ಆರ್‌ಟಿ ನಗರದ ನಮ್ಮ ಮನೆಯಿಂದ ಬಸ್‌ಸ್ಟಾಪಿಗೆ ಹೋಗುವಷ್ಟರಲ್ಲಿ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಹಿಂದಕ್ಕೆ ಓಡುವವಳು. ಅಂಥವಳು ಭಾವನ ಜೊತೆ ಒಂದು ಮಧ್ಯಾಹ್ನ ಕಳೆದರೆ ಏನಾಗಬೇಕು ಹೇಳಿ? ಒಂದು ಸಲ ಹೊರಡುವಾಗ ಕೇಳಿದರು, "ಹೆಬ್ಬಾಳದ ಫ್ಲೈಓವರ್ ಮೇಲೇ ಹೋಗ್ತೀಯಾ?"

"ಹೂಂ ಭಾವ, ಇನ್ನೆಲ್ಲಿ ಹೋಗ್ಲಿ?"

"ಅಲ್ಲ, ಅಂಥದ್ದು ಇನ್ನೊಂದು ಕಟ್ಟಿ ಬೀಳ್ಸಿ ನೋಡಿದಾರಾ ಅಂತ."

ಅವತ್ತು ಆ ಫ್ಲೈಓವರಿನ ನಡುಮಧ್ಯೆ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ನನಗೆ ಜೀವ ಬಾಯಿಗೆ ಬಂದಿತ್ತು. ಪಕ್ಕದ ಸೀಟಿನ ಹೆಂಗಸಿನ ಕೈ ಹಿಡಿದುಕೊಂಡೇ ಕೂತಿದ್ದೆ, ಯಾರೋ ಏನೋ ಪುಣ್ಯಾತ್ಗಿತ್ತಿ.

ಯಲಹಂಕದಲ್ಲಿ ವಿಮಾನಗಳ ಪ್ರದರ್ಶನ ನಡೆಯುವಾಗ ಆ ಕಡೆಯ ತಾರಸಿಗಳೆಲ್ಲ ಜಾತ್ರೆಯಾಗುತ್ತವೆ. ನೆಂಟರು, ನೆಂಟರ ನೆಂಟರು, ಚುರುಮುರಿ, ಕೊಡೆ, ಬೈನಾಕ್ಯುಲರು! ವಿಮಾನ ತಲೆಕೆಳಗಾಗಿ ಹಾರಿದರೆ ಎಲ್ಲರೂ "ಹೋ" ಎಂದು ಕೂಗುತ್ತಿದ್ದರೆ, ನಮ್ಮ ಭಾವ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಗೊಣಗುತ್ತಿದ್ದರು. "ಸಿಕ್ತು. ಇದೂ ಸಿಕ್ತು. ಅಯ್ಯೋ, ಹೊಟ್ಟೆ ತೋರಿಸ್ಬಾರ್ದು ಕಣೋ... ಸಿಕ್ತು." ಪಕ್ಕದ ಮನೆಯವರು ಖುಷಿಯಲ್ಲಿ, "ಯಾವ್ದು ಸರ್ ನಿಮ್ಗೆ ಇಷ್ಟ ಆಯ್ತು?" ಅಂದರೆ, ಭಾವ ನಿಟ್ಟುಸಿರು ಬಿಟ್ಟು, "ಯಾವ್ದೂ ಉಳಿಯಲ್ಲ ಸ್ವಾಮಿ" ಅಂದರು. ಪಾಪ, ಅವರು ಚುರುಮುರಿಯ ಪೊಟ್ಟಣವನ್ನು ಅಲ್ಲೇ ಬಿಟ್ಟು ಕೆಳಗಿಳಿದು ಹೋದರು.

ಇಂಥ ಮನುಷ್ಯನ ಮನೆಗೆ ಒಬ್ಬ ಹುಡುಗ ಹೆಣ್ಣು ಕೇಳಲು ಬಂದ!

ಹೆಸರು ಪ್ರವೀಣ. ಮತ್ತಿಕೆರೆಯ ಕಾಲೇಜಿನಲ್ಲಿ ವೀಣಾಳ ಜೊತೆಗೆ ಓದಿದವನು. ಅಪ್ಪ ಅಮ್ಮ ಗದಗಿನ ಕಡೆಯವರು, ಕೆಲಸಕ್ಕೆಂದು ಬಂದು ಮತ್ತಿಕೆರೆಯಲ್ಲೇ ಬೇರು ಬಿಟ್ಟವರು. ಹುಡುಗ ಸೈನ್ಯ ಸೇರಿದ್ದ. ಹುಡುಗಿ ಒಪ್ಪಿದ್ದಳು, ಅಕ್ಕ ಒಪ್ಪಿದ್ದಳು. ಉಳಿದದ್ದು ಭಾವನ ಪರೀಕ್ಷಾ ವಿಭಾಗ.

ಮೊದಲು ಬಿಸಿ ತಂಪು. ಬಾಣಲೆಯಿಂದ ಆಗತಾನೇ ಎತ್ತಿದ ಮೆಣಸಿನಕಾಯಿ ಬಜ್ಜಿ, ಅದರ ಹಿಂದೆಯೇ ಐಸ್‌ಕ್ರೀಂ. ಹುಡುಗ ಎರಡನ್ನೂ ಮುಗಿಸಿ, "ಇನ್ನೊಂದು ಬಜ್ಜಿ ಸಿಗುತ್ತಾ ಆಂಟಿ?" ಅಂದ. ಪಾಸ್. ಆಮೇಲೆ ಅಲುಗಾಟ. "ಬಾರಪ್ಪಾ, ಒಂದು ಸುತ್ತು ಹೋಗ್ಬರೋಣ" ಎಂದು ಭಾವ ತಮ್ಮ ಹಳೇ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಅವನನ್ನು ಕೂರಿಸಿಕೊಂಡು ರಾಜಾನುಕುಂಟೆಯ ಆಚೆ, ಪೈಪು ಹಾಕಲು ಅಗೆದು ಬಿಟ್ಟಿದ್ದ ಹೊಸ ಲೇಔಟಿನ ರಸ್ತೆಗಳಲ್ಲೆಲ್ಲ ಸುತ್ತಿಸಿದರು. ಹುಡುಗನ ತಾಯಿ ಗೇಟಿನ ಹತ್ತಿರ ನಿಂತು ಕಾದೂ ಕಾದೂ ಸಾಕಾಗಿ ನನ್ನನ್ನೇ ತರಾಟೆಗೆ ತೆಗೆದುಕೊಂಡರು.

"ನಮ್ ಹುಡುಗ ಏನ್ ಮಿಕ್ಸರ್ ಏನ್ರೀ ಅಕ್ಕಾರ, ಅಲುಗಾಡಿಸಿ ನೋಡಾಕ?"

ಬೆವರು ಒರೆಸಿಕೊಂಡು ನಿಂಬೆಹಣ್ಣಿನ ಪಾನಕ ಕೊಟ್ಟೆ. ಅಷ್ಟರಲ್ಲಿ ಸ್ಕೂಟರು ಬಂತು. ಹುಡುಗನ ತಲೆಯೆಲ್ಲ ಕೆಂಪು ಧೂಳು, ಆದರೆ ನಗುತ್ತಿದ್ದಾನೆ. ಭಾವ ಅಕ್ಕನ ಕಿವಿಯ ಹತ್ತಿರ ಬಗ್ಗಿ, ಬೀದಿಗೆಲ್ಲ ಕೇಳುವ ಪಿಸುಮಾತಿನಲ್ಲಿ, "ಒಂದು ಸ್ಕ್ರೂನೂ ಸಡಿಲ ಆಗಿಲ್ಲ ಕಣೇ!" ಅಂದರು. ಎಲ್ಲರೂ ನಕ್ಕೆವು. ಕಾಫಿ ಬಂತು. ತಾಂಬೂಲದ ತಟ್ಟೆಗೆ ಅಕ್ಕ ಕೈ ಹಾಕಿದ್ದಳು. ಆಗ ಭಾವ ಸುಮ್ಮನೆ ಮಾತಿಗೆಂದು ಕೇಳಿದರು, "ಅಲ್ಲಿ ನಿನ್ ಕೆಲ್ಸ ಏನಪ್ಪಾ?"

"ಏರ್ ಡಿಫೆನ್ಸು ಅಂಕಲ್. ಲಾರಿ ಮೇಲಿರುತ್ತಲ್ಲ, ಹತ್ತಿರಕ್ಕೆ ಬಂದಿದ್ದನ್ನ ಹೊಡೆಯೋದು? ಅದರದ್ದು."

ಭಾವ ಕಾಫಿ ಲೋಟ ಹಿಡಿದುಕೊಂಡೇ ಎದ್ದು ಹಿತ್ತಲಿಗೆ ಹೋಗಿಬಿಟ್ಟರು. ಹುಡುಗನ ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ವೀಣಾಳ ಕಣ್ಣಲ್ಲಿ ನೀರು. ಅಕ್ಕನ ಹಿಂದೆ ನಾನೂ ಹಿತ್ತಲಿಗೆ ಓಡಿದೆ. ಭಾವ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಗೋಡೆ ನೋಡುತ್ತಾ ನಿಂತಿದ್ದರು.

"ರೀ, ಹುಡುಗ ಒಪ್ಪಿಗೆ ಇಲ್ವಾ?"

"ಹುಡುಗ ಚಿನ್ನದಂಥೋನು ಕಣೇ. ಅವನ ಕೈಲಿರೋದು ನಾನು ಪಾಸ್ ಮಾಡಿ ಕಳ್ಸಿದ್ದು."

"ಅಯ್ಯೋ, ಮತ್ತೆ ಒಳ್ಳೇದೇ ಆಯ್ತಲ್ರೀ!"

"ಏನ್ ಒಳ್ಳೇದು?" ಭಾವ ಕಾಫಿ ಲೋಟವನ್ನು ಕಲ್ಲಿನ ಮೇಲೆ ಕುಕ್ಕಿದರು. "ಹಾರ್ಸಿ ನೋಡಿದ್ವಲ್ಲ, ಅವೆಲ್ಲ ಚೆನ್ನಾಗಿದ್ವು. ಅವೆಲ್ಲ ಸಮುದ್ರಕ್ಕೆ ಬಿದ್ದು ಹೋದ್ವು. ಇವನ ಹತ್ರ ಇರೋದು ಹಾರ್ಸಿ ನೋಡ್ದೇ ಇರೋದು. ಅದು ಹೆಂಗಿದೆ ಅಂತ ನಂಗೇನೇ ಗೊತ್ತು?"

ಬೆಂಕಿಕಡ್ಡಿ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಗೀರಬೇಕು, ಗೀರಿದರೆ ಕಡ್ಡಿ ಮುಗಿಯಿತು. ಈ ಮನುಷ್ಯ ಬದುಕಿಡೀ ಗೀರದ ಕಡ್ಡಿಗಳಿಗೆ ರುಜು ಹಾಕುತ್ತಾ ಬಂದಿದ್ದರು ಎಂದು ನನಗೆ ಆ ಹಿತ್ತಲಿನಲ್ಲಿ ಅರ್ಥವಾಯಿತು. ತಟ್ಟೆ ಒಡೆಯುವುದು, ಬಳೆ ನೆನೆಹಾಕುವುದು ಎಲ್ಲ ಅಲ್ಲಿಂದಲೇ ಬಂದದ್ದು.

ಆದರೂ ಮದುವೆ ಆಯಿತು. ಭಾವನೂ ಸುಧಾರಿಸಿಕೊಂಡರು, ಎಷ್ಟು ಸುಧಾರಿಸಿಕೊಂಡರು ಅಂದರೆ ಛತ್ರದಲ್ಲಿ ಲಾಡು ಕಟ್ಟುತ್ತಿದ್ದ ಕಡೆ ಹೋಗಿ ಒಂದೊಂದು ತಟ್ಟೆಯಿಂದಲೂ ಒಂದು ಲಾಡು ಎತ್ತಿ ನೆಲಕ್ಕೆ ಬಿಡತೊಡಗಿದರು! ಅಡುಗೆಯ ಭಟ್ಟರು ಕೈಮುಗಿದು, "ಸಾರ್, ತಿಂದು ನೋಡಿ ಸಾರ್, ಎಲ್ರೂ ಹಂಗೇ ನೋಡೋದು" ಎಂದು ಬೇಡಿಕೊಂಡರಂತೆ.

ಆಮೇಲೆ ಗಡಿಯಲ್ಲಿ ಗಲಾಟೆ ಶುರುವಾಯಿತು.

ಆ ದಿನಗಳು ನಿಮಗೂ ನೆನಪಿರಬೇಕು. ಟೀವಿಯಲ್ಲಿ ಒಬ್ಬೊಬ್ಬರೂ ಗಂಟಲು ಹರಿದುಕೊಳ್ಳುತ್ತಿದ್ದರು. ಪ್ರವೀಣ ರಜೆ ಅರ್ಧಕ್ಕೆ ಬಿಟ್ಟು ಹೋದವನು. ತಲುಪಿದ ಮೇಲೆ ಒಂದು ಸಲ ಮಾತಾಡಿದ, ಆಮೇಲೆ ಫೋನು ಸ್ವಿಚ್ ಆಫ್. ವೀಣಾ ತವರಿಗೆ ಬಂದಿದ್ದಳು. ನಾನೂ ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಯಲಹಂಕಕ್ಕೆ ಹೋಗಿ ಕೂತೆ. ಧೈರ್ಯ ಹೇಳಲು ಹೋದವಳು ನಾನು! ಮೇಲೆ ಒಂದು ವಿಮಾನ ಸದ್ದು ಮಾಡಿದರೆ ಮೊದಲು ಕೈಯಿಂದ ಸೌಟು ಬೀಳಿಸುತ್ತಿದ್ದವಳೂ ನಾನೇ. ವಾಯುಪಡೆಯ ಬೇಸ್ ಪಕ್ಕದಲ್ಲೇ ಇದ್ದರೆ ಸದ್ದಿಗೆ ಬರವೇ? ಪ್ರತಿ ಸಲವೂ ವೀಣಾ ಮಾತು ನಿಲ್ಲಿಸಿ ಸೂರು ನೋಡುತ್ತಿದ್ದಳು. ಸದ್ದು ದೂರವಾದ ಮೇಲೂ ಅವಳಿಗೆ ತಾನು ಏನು ಹೇಳುತ್ತಿದ್ದೆ ಅನ್ನುವುದು ನೆನಪಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ನನ್ನನ್ನು ಅಡುಗೆಮನೆಯ ಮೂಲೆಗೆ ಎಳೆದಳು. ಮುಖ ಬಾಡಿಹೋಗಿತ್ತು.

"ಅವ್ರು ಯಾವ್ದನ್ನೂ ಅಲ್ಲಾಡಿಸ್ತಿಲ್ಲ ಕಣೇ."

ಹೌದಲ್ಲ! ಹೊಸ ಬೆಂಕಿಪೊಟ್ಟಣ ಹಾಗೇ ಬಿದ್ದಿತ್ತು, ಯಾರೂ ಗೀರಿರಲಿಲ್ಲ. ಅಕ್ಕ ಬೇಕೆಂದೇ ಎರಡು ಕಲ್ಲಂಗಡಿ ತರಿಸಿ ಅವರ ಕುರ್ಚಿಯ ಪಕ್ಕದಲ್ಲೇ ಇಟ್ಟಿದ್ದಳಂತೆ. ತಿರುಗಿಯೂ ನೋಡಲಿಲ್ಲವಂತೆ. ಇಷ್ಟು ವರ್ಷ ಈ ಪರೀಕ್ಷೆಗಳು ನಿಲ್ಲಲಿ ಎಂದು ದೇವರಿಗೆ ಹರಕೆ ಹೊತ್ತವಳು, ಈಗ ಒಂದು ತಟ್ಟೆಯಾದರೂ ಒಡೆಯಲಿ ಎಂದು ಕಣ್ಣೀರು ಹಾಕುತ್ತಿದ್ದಾಳೆ!

ನಾನು ತಾರಸಿಗೆ ಹೋದೆ. ಭಾವ ಟ್ಯಾಂಕಿನ ಪಕ್ಕದಲ್ಲಿ ಕೂತಿದ್ದರು. ನನಗೂ ಧೈರ್ಯ ಬೇಕಿತ್ತು, ಅದಕ್ಕೇ ಕೇಳಿದೆ. "ಭಾವ, ನೀವು ಪಾಸ್ ಮಾಡಿದ್ದು ಯಾವತ್ತಾದ್ರೂ ಕೈ ಕೊಟ್ಟಿದ್ಯಾ?"

"ಗೊತ್ತಿಲ್ಲ ಕಣಮ್ಮಾ. ಯಾರೂ ಬಳಸಿಲ್ಲ. ಬಳಸೋದೇ ಬೇಡಪ್ಪಾ ಅಂತ ಬೇಡ್ಕೊಂಡೇ ಒಂದೊಂದನ್ನೂ ಕಳಿಸ್ತಿದ್ದೆ."

ನಾನೂ ಅವರ ಪಕ್ಕದಲ್ಲೇ ಕೂತೆ. ನನ್ನ ಗಾಬರಿ ಒಂದು ಗಾಬರಿಯೇ ಅಲ್ಲ ಅನ್ನಿಸಿತು.

ಮಾರನೆಯ ದಿನ ಬೆಳಿಗ್ಗೆ ಪ್ರವೀಣನ ತಾಯಿ ಮತ್ತಿಕೆರೆಯಿಂದ ಆಟೋ ಮಾಡಿಕೊಂಡು ಬಂದರು. ಕೈಯಲ್ಲಿ ಜೋಳದ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಆದರೆ ಅವರಿಗೆ ಊಟ ಸೇರದೆ ಕೆನ್ನೆ ಒಳಕ್ಕೆ ಹೋಗಿತ್ತು. ಸೊಸೆಯ ಪಕ್ಕ ಕೂತರು, ಅವಳ ತಲೆ ಸವರಿದರು. ಆಮೇಲೆ ನೇರವಾಗಿ ಭಾವನ ಕಡೆಗೆ ತಿರುಗಿದರು.

"ಬೀಗರ, ಒಂದ್ ಮಾತ್ ಕೇಳ್ತೀನ್ರಿ. ನೀವು ಮಾಡಿ ಕಳಿಸಿದ್ದು ಗಟ್ಟಿ ಐತಿಲ್ರಿ?"

ಭಾವ ಎದ್ದು ನಿಂತರು. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ, ಆ ತಾಯಿಯ ಮುಖ ನೋಡಿ ನಿಜವನ್ನೂ ಹೇಳಲಾರರು. ಕೊನೆಗೆ ಎರಡೂ ಕೈ ಮುಗಿದು, "ನನ್ ಕೈಲಾದಷ್ಟು ನೋಡಿದೀನಮ್ಮಾ. ಏನೂ ಬಿಟ್ಟಿಲ್ಲ" ಅಂದರು.

"ಅಷ್ಟ್ ಅಂದ್ರಲ್ರಿ, ಸಾಕ್ ಬಿಡ್ರಿ" ಎಂದು ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಅಕ್ಕ ಎಲ್ಲರಿಗೂ ತಟ್ಟೆ ಹಾಕಿದಳು. ಯಾರಿಗೂ ಹಸಿವಿಲ್ಲ, ಆದರೂ ಎಲ್ಲರೂ ಕೂತೆವು. ರೊಟ್ಟಿ ಮುರಿಯುತ್ತಾ ಇದ್ದೇವೆ, ವೀಣಾಳ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಅವಳು ಅದನ್ನು ನೋಡುತ್ತಲೇ ಕೂತಿದ್ದಳು, ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ.

"ವೀಣಾ, ನಾನು ಕಣೇ. ಚೆನ್ನಾಗಿದೀನಿ."

ಅಯ್ಯೋ, ಆಮೇಲಿನದನ್ನು ಹೇಗೆ ಹೇಳಲಿ! ವೀಣಾ ಅಳುತ್ತಿದ್ದಾಳೆ, ನಗುತ್ತಿದ್ದಾಳೆ. ಆ ತಾಯಿ ಫೋನನ್ನೇ ಮುದ್ದಾಡುತ್ತಾ, "ಊಟಾ ಮಾಡೀಯಪಾ? ಊಟಾ ಮಾಡೀಯೇನು?" ಎಂದು ಅದನ್ನೇ ಕೇಳುತ್ತಿದ್ದಾರೆ. ನಾನಂತೂ ಚಟ್ನಿಯ ಕೈಯಲ್ಲೇ ಕಣ್ಣೊರೆಸಿಕೊಂಡು ಉರಿಯಿಂದ ಕುಣಿಯುತ್ತಿದ್ದೇನೆ. ಅಷ್ಟರಲ್ಲಿ ಆ ಕಡೆಯಿಂದ, "ಮಾವ ಇದಾರಾ?" ಎಂದು ಕೇಳಿತು.

ಭಾವ ಹತ್ತಿರ ಬಂದರು. ಫೋನನ್ನು ಮುಟ್ಟಲಿಲ್ಲ, ಬಗ್ಗಿ ನಿಂತರಷ್ಟೇ.

"ಮಾವ, ಜಾಸ್ತಿ ಹೇಳೋ ಹಾಗಿಲ್ಲ. ತೀರಾ ಹತ್ರ ಬಂದುಬಿಟ್ಟಿತ್ತು. ನಿಮ್ದು ಕೆಲ್ಸ ಮಾಡ್ತು ಮಾವ. ನಾವೆಲ್ಲ ಉಳ್ಕೊಂಡ್ವಿ."

ಅಕ್ಕ ದೇವರಮನೆಯ ಕಡೆ ತಿರುಗಿ ಕೈ ಮುಗಿದಳು. ನಾನು ಚಪ್ಪಾಳೆ ತಟ್ಟಿಯೇಬಿಟ್ಟೆ. ಬದುಕಿಡೀ ಕಾದ ಫಲಿತಾಂಶ ಬಂದಿದೆ, ಈಗಲಾದರೂ ಈ ಮನುಷ್ಯ ಒಮ್ಮೆ ಎದೆ ಉಬ್ಬಿಸುತ್ತಾರೆ ಎಂದು ಅವರ ಮುಖವನ್ನೇ ನೋಡಿದೆ. ಇಲ್ಲ. ಭಾವ ಫೋನಿಗೆ ಇನ್ನಷ್ಟು ಬಗ್ಗಿದರು.

"ಅದ್ರಲ್ಲಿ..." ಅಂದರು. ಮತ್ತೆ ಕೇಳಿದರು. "ಬಂತಲ್ಲ, ಅದ್ರಲ್ಲಿ ಯಾರಾದ್ರೂ ಇದ್ರೇನಪ್ಪಾ?"

ನಮಗೆ ಯಾರಿಗೂ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

"ಇಲ್ಲ ಮಾವ. ಡ್ರೋನು. ಆಳಿಲ್ದೇ ಇರೋದು."

"ನಿಜವಾಗ್ಲೂ?"

"ನಿಮ್ಮಾಣೆ ಮಾವ. ಯಾರೂ ಇರ್ಲಿಲ್ಲ."

ಭಾವ ಅಲ್ಲೇ, ರೊಟ್ಟಿಯ ತಟ್ಟೆಗಳ ನಡುವೆ, ನೆಲದ ಮೇಲೆ ಕುಸಿದು ಕೂತರು. ಅತ್ತರು ಕಣ್ರೀ, ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಅಕ್ಕ ಬಂದು ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಅವರು ಅವಳ ಕೈ ಹಿಡಿದುಕೊಂಡು, "ಯಾರೂ ಇರ್ಲಿಲ್ವಂತೆ ಕಣೇ" ಅಂದರು. ಆ ತಾಯಿಯ ಕಡೆ ತಿರುಗಿ, "ಯಾರೂ ಇರ್ಲಿಲ್ವಂತಮ್ಮಾ" ಅಂದರು. ಆಮೇಲೆ ನನ್ನ ಮುಖ ನೋಡಿದರು, ನಾನು ಕೇಳಿಸಿಕೊಂಡಿಲ್ಲವೇನೋ ಎಂಬಂತೆ ನನಗೂ ಒಮ್ಮೆ ಹೇಳಿದರು.